ಬಾಲ ಒಳಕ್ಕೋ ಹೊರಕ್ಕೋ: ಒಂದು ಜಪಾನಿ ಕಾರಿನ ಮೂಲ ನಂಬರ್ ಪ್ಲೇಟ್ ಓದಿದ ಪ್ರಕರಣ

ಭಾವ ಕಾರು ತಗೊಂಡು ಮೂರು ವಾರ ಆಗಿತ್ತು. ಒಂದು ಶನಿವಾರ ಡಿಕ್ಕಿ ಒರೆಸೋಣ ಅಂತ ಒಳಗಿನ ಹಲಗೆ ಎತ್ತಿದರು. ಪಂಕ್ಚರ್ ಕಿಟ್ ಇಡುವ ಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ತೆಳ್ಳನೆಯ ಪುಸ್ತಕ ಸಿಕ್ಕಿತು. ಪೂರ್ತಿ ಜಪಾನಿ ಭಾಷೆ. ಮೊದಲ ಪುಟವನ್ನು ಯಾರೋ ನೀಟಾಗಿ ಹರಿದು ತೆಗೆದಿದ್ದರು. ಒಳಗೆ ಏಳೆಂಟು ಹಾಳೆಗಳು ಮಡಚಿಕೊಂಡಿದ್ದವು. ಫೋಟೊ ತೆಗೆದು ನನಗೆ ಕಳಿಸಿದರು. ಕೆಳಗೆ ಒಂದೇ ಸಾಲು: "ಇದರಿಂದ ಏನಾದ್ರೂ ಉಪಯೋಗ ಇದೆಯೇನಪ್ಪಾ, ಇಲ್ಲಾ ಬಿಸಾಕಲಾ?"

"ಬಿಸಾಕಬೇಡಿ ಭಾವ, ಸಂಜೆ ನಾನೇ ಬರ್ತೀನಿ" ಅಂದೆ.

ನಾನು ಇರುವುದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಎಂಟು ವರ್ಷದಿಂದ ಒಂದು ಗ್ಯಾರೇಜಿನಲ್ಲಿ ಕೆಲಸ. ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಜಾಸ್ತಿ ಪಾಲು ಜಪಾನಿನಲ್ಲಿ ಓಡಿ, ಹಡಗು ಹತ್ತಿ ಬಂದವು. ಈ ದೇಶದಲ್ಲಿ ಕಾರು ಜೋಡಿಸುವ ಕೆಲಸ 1998ಕ್ಕೇ ನಿಂತಿತು. ಜಪಾನಿನಲ್ಲೂ ಇಲ್ಲಿಯ ಹಾಗೆ, ನಮ್ಮ ಊರಿನ ಹಾಗೆ, ರಸ್ತೆಯ ಎಡಗಡೆಯೇ ಓಡಿಸುತ್ತಾರೆ. ಹಾಗಾಗಿ ಅಲ್ಲಿಯ ಹಳೆಯ ಕಾರನ್ನು ಸ್ಟೀರಿಂಗ್ ಬದಲಿಸದೆಯೇ ಇಲ್ಲಿ ಓಡಿಸಬಹುದು. ದಾವಣಗೆರೆಯಿಂದ ಬಂದ ಅಕ್ಕ-ಭಾವ 2022ರ ಕೊನೆಯಲ್ಲಿ ತಗೊಂಡಿದ್ದೂ ಅಂಥದ್ದೇ. ಟೊಯೋಟಾ ಆಕ್ವಾ, 2015ರ ಮಾಡೆಲ್, ಹೈಬ್ರಿಡ್. ಮೀಟರಿನಲ್ಲಿ 68 ಸಾವಿರ ಚಿಲ್ಲರೆ ಕಿಲೋಮೀಟರ್. ಮಾರಿದವರ ಜಾಹೀರಾತಿನಲ್ಲಿ ಎರಡು ಮಾತು ದಪ್ಪಗೆ ಇದ್ದವು: ಒಬ್ಬರೇ ಮಾಲೀಕರು, ಟೋಕಿಯೊ ಕಾರು.

ಆ ಎರಡೂ ಮಾತು ನಿಜವಲ್ಲ ಅಂತ ಆ ಪುಸ್ತಕದಿಂದ, ಅದರಲ್ಲೂ ಒಂದು ಅಕ್ಷರದಿಂದ, ಗೊತ್ತಾಯಿತು. ಹೇಗೆ ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಜಪಾನಿನಿಂದ ಬಂದ ಕಾರು ಕೊಳ್ಳುವ ನಮ್ಮವರು ಇಲ್ಲಿ ಬಹಳ ಜನ ಇದ್ದಾರೆ. ಅವರ ಕಾರಿನ ಡಿಕ್ಕಿಯಲ್ಲೂ ಇಂಥ ಪುಸ್ತಕ ಸುಮ್ನೆ ಬಿದ್ದಿರಬಹುದು.

ಪ್ಲೇಟ್ ಬರುವುದಿಲ್ಲ, ನಂಬರ್ ಬರುತ್ತದೆ

ಜಪಾನಿನಿಂದ ಕಾರು ಹೊರಗೆ ಕಳಿಸುವಾಗ ಅಲ್ಲಿಯ ನೋಂದಣಿ ರದ್ದಾಗುತ್ತದೆ. ಪ್ಲೇಟ್ ಬಿಚ್ಚಿ ಸಾರಿಗೆ ಕಚೇರಿಗೆ ವಾಪಸ್ ಕೊಡಬೇಕು. ಅಲ್ಲಿ ಹಿಂದಿನ ಪ್ಲೇಟಿನ ಎಡಗಡೆಯ ಬೋಲ್ಟಿನ ಮೇಲೆ ಅಲ್ಯೂಮಿನಿಯಂ ಮುಚ್ಚಳದ ಒಂದು ಸರ್ಕಾರಿ ಮುದ್ರೆ ಇರುತ್ತದೆ. ಅದನ್ನು ಒಡೆಯದೆ ಪ್ಲೇಟ್ ಬಿಚ್ಚಲು ಆಗುವುದಿಲ್ಲ. ಆದ್ದರಿಂದ ಕಾರಿನ ಜೊತೆ ಮೂಲ ಪ್ಲೇಟೇ ಬರುವುದು ಅಪರೂಪ. ಇಲ್ಲಿ ಹಾಕುವ ನ್ಯೂಜಿಲೆಂಡ್ ಪ್ಲೇಟ್ ಹಳೆಯ ಕಥೆ ಏನೂ ಹೇಳುವುದಿಲ್ಲ.

ಆದರೆ ನಂಬರ್ ಕಾಗದದಲ್ಲಿ ಉಳಿದಿರುತ್ತದೆ. ರಫ್ತು ಪ್ರಮಾಣಪತ್ರದಲ್ಲಿ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಕೊಳ್ಳುವವರ ಕೈಗೆ ಬರುವುದಿಲ್ಲ. ಸರ್ವಿಸ್ ಪುಸ್ತಕದ ತಪಾಸಣೆ ಹಾಳೆಗಳಲ್ಲೂ ಇರುತ್ತದೆ. ಮಾಲೀಕರ ಹೆಸರಿರುವ ಪುಟ ಹರಿದು ಉಳಿದದ್ದನ್ನು ಬಿಟ್ಟಿರುವುದನ್ನು ನಾನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ಭಾವನ ಡಿಕ್ಕಿಯಲ್ಲಿ ಸಿಕ್ಕಿದ್ದು ಅದೇ.

ಮೊದಲು ಮಾಡಿದ ಕೆಲಸ, ಹಾಳೆ ಈ ಕಾರಿನದೇ ಹೌದೋ ಅಲ್ಲವೋ ಅಂತ ನೋಡಿದ್ದು. ಹಾಳೆಯಲ್ಲಿ ಚಾಸಿ ನಂಬರ್ ಇತ್ತು, ಎನ್‌ಎಚ್‌ಪಿ10 ಅಂತ ಶುರುವಾಗುವುದು. ಕಾರಿನ ಫಲಕದ ಮೇಲಿನ ನಂಬರಿಗೂ ಅದಕ್ಕೂ ಅಂಕಿ ಅಂಕಿ ತಾಳೆ ನೋಡಿದೆವು. ಸರಿ ಹೋಯಿತು. ಇದನ್ನು ಬಿಟ್ಟು ಮುಂದೆ ಹೋಗಬಾರದು. ಬೇರೆ ಕಾರಿನ ಪುಸ್ತಕ ಈ ಕಾರಿಗೆ ಸೇರಿಕೊಂಡಿರುವುದೂ ಉಂಟು.

ಎರಡು ಸಾಲು, ನಾಲ್ಕು ಸಂಗತಿ

ಜಪಾನಿನ ಕಾರಿನ ಪ್ಲೇಟ್ 33 ಸೆಂಟಿಮೀಟರ್ ಅಗಲ, 16.5 ಸೆಂಟಿಮೀಟರ್ ಎತ್ತರ. ಮೇಲಿನ ಸಾಲಿನಲ್ಲಿ ಒಂದು ಊರಿನ ಹೆಸರು, ಪಕ್ಕದಲ್ಲಿ ಚಿಕ್ಕ ಅಂಕಿಗಳು. ಕೆಳಗಿನ ಸಾಲಿನಲ್ಲಿ ಎಡಕ್ಕೆ ಒಂದೇ ಒಂದು ಅಕ್ಷರ, ಆಮೇಲೆ ದಪ್ಪಗೆ ನಾಲ್ಕು ಅಂಕಿ. ನಾಲ್ಕಕ್ಕಿಂತ ಕಡಿಮೆ ಅಂಕಿ ಇದ್ದರೆ ಖಾಲಿ ಜಾಗದಲ್ಲಿ ಚುಕ್ಕಿ.

ಭಾವನ ಹಾಳೆಗಳಲ್ಲಿ ಮೊದಲ ಐದರಲ್ಲಿ ಒಂದು ನಂಬರ್ ಇತ್ತು, ಉಳಿದವುಗಳಲ್ಲಿ ಬೇರೆ ನಂಬರ್. ಕಾರು ಒಂದೇ, ಪ್ಲೇಟ್ ಎರಡು. ಭಾವ ಗಾಬರಿಯಾದರು. ನಮ್ಮಲ್ಲಿ ಕೆಎ-17 ಅಂತ ದಾವಣಗೆರೆಯಲ್ಲಿ ನೋಂದಣಿಯಾದ ಕಾರು ಮೈಸೂರಿನವರಿಗೆ ಮಾರಿದರೂ ಕೆಎ-17 ಆಗಿಯೇ ಇರುತ್ತದಲ್ವಾ? ಜಪಾನಿನಲ್ಲಿ ಹಾಗಲ್ಲ. ಕಾರನ್ನು ಇಟ್ಟುಕೊಳ್ಳುವ ಜಾಗ ಇನ್ನೊಂದು ಸಾರಿಗೆ ಕಚೇರಿಯ ವ್ಯಾಪ್ತಿಗೆ ಹೋದರೆ ಪ್ಲೇಟೇ ಬದಲಾಗಬೇಕು. ಹಾಗಾಗಿ ಎರಡು ನಂಬರ್ ಇರುವುದು ಮೋಸ ಅಲ್ಲ. ಕಾರು ಊರು ಬದಲಿಸಿದೆ ಅಂತ ಅರ್ಥ. ನಮಗೆ ಬೇಕಿದ್ದದ್ದು ಮೊದಲನೆಯದು.

ಊರಿನ ಹೆಸರು ಮೊಬೈಲಿನ ಅನುವಾದ ಆ್ಯಪಿಗೂ ಸಿಕ್ಕಿತು. ಮೊದಲ ಪ್ಲೇಟಿನದು ಒಕಿನಾವಾ. ಎರಡನೆಯದು ಯೊಕೊಹಾಮಾ.

ಅಲ್ಲಿಗೆ ಜಾಹೀರಾತಿನ ಒಂದು ಮಾತು ಬಿದ್ದುಹೋಯಿತು. ಯೊಕೊಹಾಮಾ ಟೋಕಿಯೊದ ಪಕ್ಕದ ಊರು ನಿಜ, ಆದರೆ ಅದು ಕನಗಾವಾ ಪ್ರಾಂತ್ಯದ್ದು. ಇನ್ನೊಂದು ವಿಷಯ ಹೇಳಬೇಕು. ಟೋಕಿಯೊ ಅಂತ ಬರೆದಿರುವ ಪ್ಲೇಟೇ ಈಗ ಇಲ್ಲ. ಟೋಕಿಯೊದ ಕಾರುಗಳ ಮೇಲೆ ಶಿನಾಗಾವಾ, ನೆರಿಮಾ, ಅದಾಚಿ, ಹಚಿಯೊಜಿ, ತಾಮಾ ಅಂತೆಲ್ಲ ಇರುತ್ತದೆ. ಸೆತಗಾಯಾ, ಸುಗಿನಾಮಿ ಹೆಸರುಗಳು 2014ರಲ್ಲಿ ಸೇರಿದವು. ಹಾಗೆಯೇ ‘ಟೊಯೋಟಾ’ ಅಂತ ಓದಿಸುವ ಪ್ಲೇಟ್ ಕಂಡರೆ ಅದು ಕಂಪನಿಯ ಹೆಸರಲ್ಲ, ಐಚಿ ಪ್ರಾಂತ್ಯದ ಊರಿನ ಹೆಸರು. ಆ ಕಾರು ಹೋಂಡಾ ಕೂಡ ಆಗಿರಬಹುದು.

ಊರಿನ ಹೆಸರನ್ನು ನಾನು ಸುಮ್ನೆ ಕುತೂಹಲಕ್ಕೆ ಓದುವುದಿಲ್ಲ. ಸಪ್ಪೊರೊ, ಅಸಾಹಿಕಾವಾ, ನಿಗಾಟಾ, ನಗಾನೊ ಅಂತ ಕಂಡರೆ ಮೊದಲು ಕಾರಿನ ಕೆಳಗೆ ಬಗ್ಗುತ್ತೇನೆ. ಅವೆಲ್ಲ ಹಿಮ ಬೀಳುವ ಕಡೆ. ರಸ್ತೆಯ ಹಿಮ ಕರಗಿಸಲು ಉಪ್ಪಿನಂಥ ಪುಡಿ ಚೆಲ್ಲುತ್ತಾರೆ, ಅದು ಕಾರಿನ ತಳ ತಿನ್ನುತ್ತದೆ. ಒಕಿನಾವಾದಲ್ಲಿ ಹಿಮ ಇಲ್ಲ. ಆದರೆ ಅದು ದ್ವೀಪ. ಸುತ್ತ ಸಮುದ್ರ, ಸೆಕೆ, ಉಪ್ಪು ಗಾಳಿ, ಬಿರುಗಾಳಿ. ಮಂಗಳೂರು, ಕಾರವಾರದ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಊರಿನ ಪಕ್ಕದ ಚಿಕ್ಕ ಅಂಕಿ 501. ಇದರಲ್ಲಿ ಮೊದಲ ಅಂಕಿ ಮುಖ್ಯ. 1 ಅಂದರೆ ದೊಡ್ಡ ಲಾರಿ, 2 ಬಸ್ಸು, 3 ದೊಡ್ಡ ಕಾರು, 5 ಮತ್ತು 7 ಚಿಕ್ಕ ಕಾರು, 4 ಮತ್ತು 6 ಚಿಕ್ಕ ಸರಕು ಗಾಡಿ, 8 ಆಂಬುಲೆನ್ಸಿನಂಥ ವಿಶೇಷ ಗಾಡಿ. ಉದ್ದ 4.7 ಮೀಟರ್, ಅಗಲ 1.7 ಮೀಟರ್, ಎತ್ತರ 2 ಮೀಟರ್, ಪೆಟ್ರೋಲ್ ಎಂಜಿನ್ 2000 ಸಿಸಿ, ಇವುಗಳಲ್ಲಿ ಒಂದನ್ನು ಮೀರಿದರೂ ಕಾರು 5ರಿಂದ 3ಕ್ಕೆ ಹೋಗುತ್ತದೆ. ಆಕ್ವಾ 1.695 ಮೀಟರ್ ಅಗಲ. ಅರ್ಧ ಸೆಂಟಿಮೀಟರಿನಲ್ಲಿ ಒಳಗೆ ಉಳಿದುಕೊಂಡಿದೆ. ಎಂಜಿನ್ 1496 ಸಿಸಿ. ಆದ್ದರಿಂದ 5 ಸರಿ. ಅಲ್ಲಿ 3 ಇದ್ದಿದ್ದರೆ ಹಾಳೆಯ ಮೇಲೆ ನನಗೆ ಅನುಮಾನ ಬರುತ್ತಿತ್ತು.

ಅಂಕಿ ಎಷ್ಟು ಅನ್ನುವುದೂ ಒಂದು ಗುರುತೇ. ಮೂರು ಅಂಕಿಯ ಪದ್ಧತಿ ಬಂದದ್ದು 1990ರ ದಶಕದ ಕೊನೆಗೆ. ಅದಕ್ಕೂ ಮೊದಲು ಎರಡೇ ಅಂಕಿ. 1999ರಿಂದ ತಮಗೆ ಬೇಕಾದ ನಾಲ್ಕಂಕಿ ನಂಬರನ್ನು ದುಡ್ಡು ಕೊಟ್ಟು ಕೇಳುವ ಅವಕಾಶವೂ ಬಂತು. ಹಾಗೆ ಕೇಳಿ ಪಡೆದ ನಂಬರಿಗೆ ಮೇಲಿನ ಅಂಕಿ 330, 530 ಅಂತ ಮೂವತ್ತರಿಂದ ಶುರುವಾಗುತ್ತದೆ. ಭಾವನ ಕಾರಿನ ಮೊದಲ ಪ್ಲೇಟ್ 501, ಅಂದರೆ ಸರದಿಯಲ್ಲಿ ಬಂದ ನಂಬರ್. ಎರಡನೆಯದು 531. ಯೊಕೊಹಾಮಾದಲ್ಲಿ ಯಾರೋ ಇಷ್ಟಪಟ್ಟು ಕೇಳಿ ಪಡೆದದ್ದು. ಹುಟ್ಟಿದ ದಿನವೋ, ಮದುವೆಯ ದಿನವೋ. ಆ ನಾಲ್ಕಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯ ವಿಷಯ.

ಅಕ್ಕ ಗುರುತು ಹಿಡಿದ ಸಾಲು

ಇನ್ನು ಉಳಿದದ್ದು ಕೆಳಗಿನ ಸಾಲಿನ ಆ ಒಂಟಿ ಅಕ್ಷರ. ಮೊಬೈಲ್ ಆ್ಯಪ್ ಅದನ್ನು ಬಿಟ್ಟೇಬಿಟ್ಟಿತು. ಬಿಡಿ ಅಕ್ಷರಕ್ಕೆ ಅನುವಾದ ಏನು ಮಾಡುತ್ತದೆ ಪಾಪ. ಆದರೆ ಇಡೀ ಪ್ಲೇಟಿನಲ್ಲಿ ಅತಿ ಜಾಸ್ತಿ ಹೇಳುವುದು ಅದೇ.

ಅದು ಹಿರಗಾನಾ ಲಿಪಿಯ ಅಕ್ಷರ. ನಾನು ಗ್ಯಾರೇಜಿಗೆ ಸೇರಿದ ಮೊದಲ ವರ್ಷ ಅದನ್ನು ಕಲಿತೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆಯಲ್ಲಿ ಅಕ್ಷರಗಳ ಉಚ್ಚಾರವನ್ನು ಸಾಲಾಗಿ ಕನ್ನಡದಲ್ಲಿ ಬರೆದು ತೋರಿಸಿದೆ. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ.

ಅಕ್ಕ ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದವಳು. ಚಪಾತಿ ಲಟ್ಟಿಸುತ್ತಿದ್ದವಳು ನಿಲ್ಲಿಸಿ ನೋಡಿದಳು. "ಇದು ನಮ್ಮದೇ ಸಾಲು ಕಣೋ. ಯ ರ ಲ ವ ಇದ್ದ ಹಾಗೇ ಇದೆ. ಲ ಒಂದಿಲ್ಲ."

ಅವಳ ಮಾತು ಸರಿ. ಜಪಾನಿನ ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಕಲಿಯುತ್ತಿದ್ದರು. ಅವರ ಅಕ್ಷರಮಾಲೆಯ ಈ ಜೋಡಣೆ ಅಲ್ಲಿಂದ ಬಂದದ್ದು. ನಮ್ಮ ‘ಚ’ ಇರುವ ಜಾಗದಲ್ಲಿ ಅವರ ‘ಸ’ ಕೂತಿದೆ. ನಮ್ಮ ‘ಪ’ ಇರುವ ಜಾಗದಲ್ಲಿ ‘ಹ’, ಏಕೆಂದರೆ ಹಿಂದೆ ಅದರ ಉಚ್ಚಾರ ‘ಪ’ ಆಗಿತ್ತು. ಅದೇ ‘ಪ’ ಹಳಗನ್ನಡದಿಂದ ಹೊಸಗನ್ನಡಕ್ಕೆ ಬರುವಾಗ ನಮ್ಮಲ್ಲೂ ‘ಹ’ ಆಯಿತಲ್ವಾ, ಪಾಲು ಹೋಗಿ ಹಾಲು ಆದ ಹಾಗೆ! ಇದನ್ನು ಮೊದಲ ಸಲ ಕಂಡುಕೊಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಪ್ಲೇಟ್ ಓದುವವರಿಗೆ ಈ ಸಾಲೇ ಕೀಲಿಕೈ. ನಮ್ಮ ಅಕ್ಷರಮಾಲೆ ಬಾಯಿಪಾಠ ಇದ್ದರೆ ಸಾಕು. ಮೊದಲ ಎರಡು ಸಾಲು, ಅಂದರೆ ಅ ಮತ್ತು ಕ, ಟ್ಯಾಕ್ಸಿ, ಲಾರಿಗಳಂಥ ವ್ಯಾಪಾರದ ಗಾಡಿಗಳಿಗೆ. ‘ಸ’ದಿಂದ ‘ರ’ವರೆಗಿನ ಸಾಲುಗಳು ಹೆಚ್ಚಾಗಿ ಸ್ವಂತ ಗಾಡಿಗಳಿಗೆ. ಕೊನೆಯ ‘ವ’ ಬಾಡಿಗೆಗೆ ಕೊಡುವ ಕಾರುಗಳಿಗೆ. ಇಲ್ಲಿ ಬಾಡಿಗೆ ಅಂದರೆ ಡ್ರೈವರ್ ಸಮೇತ ಅಲ್ಲ, ನಾವೇ ಓಡಿಸಿಕೊಂಡು ಹೋಗುವುದು. ರ ಸಾಲಿನ ‘ರೆ’ ಕೂಡ ಬಾಡಿಗೆ ಕಾರಿಗೇ. ಪ್ರವಾಸಿಗಳು ಜಾಸ್ತಿ ಇರುವ ಒಕಿನಾವಾದಂಥ ಕಡೆ ಅದು ಕಾಣಿಸುತ್ತದೆ.

ಕೆಲವು ಅಕ್ಷರಗಳನ್ನು ಕೊಡುವುದೇ ಇಲ್ಲ. ‘ಶಿ’ ಇಲ್ಲ, ಏಕೆಂದರೆ ಆ ಶಬ್ದಕ್ಕೆ ಸಾವು ಅನ್ನುವ ಅರ್ಥ ಇದೆ. ‘ಹೆ’ ಇಲ್ಲ, ಅದಕ್ಕೆ ಹೂಸು ಅಂತ ಅರ್ಥ. ‘ಒ’ ಇಲ್ಲ, ನೋಡಲು ‘ಅ’ದ ಹಾಗಿದೆ. ‘ನ್’ ಇಲ್ಲ, ಅದನ್ನು ಬಿಡಿಯಾಗಿ ಹೇಳುವುದು ಕಷ್ಟ. ನಾಲ್ಕಂಕಿಯ ಕೊನೆಗೆ 42 ಮತ್ತು 49 ಕೂಡ ಸರದಿಯಲ್ಲಿ ಬರುವುದಿಲ್ಲ, ಆ ಅಂಕಿಗಳ ಉಚ್ಚಾರದಲ್ಲೂ ಸಾವಿನ ಶಬ್ದ ಇದೆ. ಒಕಿನಾವಾದ ರಸ್ತೆಯಲ್ಲಿ ಹಿರಗಾನಾ ಬದಲು ಇಂಗ್ಲಿಷಿನ ‘ವೈ’ ಅಕ್ಷರ ಇರುವ ಕಾರುಗಳೂ ಓಡಾಡುತ್ತವೆ. ಅವು ಅಲ್ಲಿಯ ಅಮೆರಿಕನ್ ಸೇನಾ ನೆಲೆಗಳ ಸಿಬ್ಬಂದಿಯವು.

ಬಣ್ಣ ನೋಡಿ ಬಾಡಿಗೆ ಕಾರು ಗುರುತಿಸಬಹುದು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಕಂಡರೆ ಅದು ಸೆಲ್ಫ್ ಡ್ರೈವ್ ಕಾರು ಅಂತ ಗೊತ್ತಾಗುತ್ತದೆ. ಜಪಾನಿನಲ್ಲಿ ಅದೇ ಬಣ್ಣ ಇರುವುದು ವ್ಯಾಪಾರಕ್ಕೆ ಬಳಸುವ ಪುಟಾಣಿ ಗಾಡಿಗಳಿಗೆ. ಅಲ್ಲಿಯ ಬಾಡಿಗೆ ಕಾರಿಗೆ ಸ್ವಂತ ಕಾರಿನ ಹಾಗೇ ಬಿಳಿ ಪ್ಲೇಟ್, ಹಸಿರು ಅಕ್ಷರ. ವ್ಯತ್ಯಾಸ ಇರುವುದು ಆ ಒಂದು ಅಕ್ಷರದಲ್ಲಿ ಮಾತ್ರ.

ಬಾಲದ ಸಮಸ್ಯೆ

ಭಾವನ ಹಾಳೆಯಲ್ಲಿ ಆ ಅಕ್ಷರ ಕೈಬರಹದಲ್ಲಿತ್ತು. ಕಾರ್ಬನ್ ಪ್ರತಿ ಬೇರೆ. ತೊಡಕಾಗಿದ್ದು ಅಲ್ಲೇ.

ಹಿರಗಾನಾದಲ್ಲಿ ‘ವ’, ‘ನೆ’, ‘ರೆ’ ಮೂರೂ ನೋಡಲು ಅಣ್ಣತಮ್ಮಂದಿರು. ನಮ್ಮ ವ, ಪ, ಷ ಇದ್ದ ಹಾಗೆ. ಮೂರಕ್ಕೂ ಎಡಗಡೆ ನೆಟ್ಟನೆಯ ಒಂದು ಗೆರೆ, ಅದನ್ನು ದಾಟಿಕೊಂಡು ಬರುವ ಅಂಕುಡೊಂಕು. ಬೇರೆ ಆಗುವುದು ಬಲಗಡೆಯ ಬಾಲದಲ್ಲಿ. ‘ವ’ದ ಬಾಲ ದುಂಡಗೆ ಬಾಗಿ ಒಳಕ್ಕೆ ಬಂದು ನಿಲ್ಲುತ್ತದೆ. ‘ನೆ’ದ ಬಾಲವೂ ಒಳಕ್ಕೆ ಬರುತ್ತದೆ, ಆದರೆ ಕೊನೆಗೆ ಒಂದು ಸಣ್ಣ ಕುಣಿಕೆ ಹಾಕುತ್ತದೆ. ‘ರೆ’ದ ಬಾಲ ಹೊರಕ್ಕೆ ಚಿಮ್ಮುತ್ತದೆ. ‘ವ’ ಅಥವಾ ‘ರೆ’ ಆದರೆ ಬಾಡಿಗೆ ಕಾರು. ‘ನೆ’ ಆದರೆ ಯಾರದೋ ಸ್ವಂತ ಕಾರು. ಒಂದು ಕುಣಿಕೆ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಕಾರಿನ ಎರಡೂವರೆ ವರ್ಷದ ಚರಿತ್ರೆ ನಿಂತಿತ್ತು.

ಐದು ಹಾಳೆಗಳನ್ನೂ ಸಾಲಾಗಿ ಹರಡಿ, ಟಾರ್ಚ್ ಬಿಟ್ಟು ನೋಡಿದೆವು. ಎರಡರಲ್ಲಿ ಬಾಲ ಮಸುಕು. ಒಂದರಲ್ಲಿ ಬಾಲದ ತುದಿ ದಪ್ಪಗಾಗಿತ್ತು, ಕುಣಿಕೆ ಅಂದರೂ ಸರಿ, ಮಸಿ ಹರಡಿದ್ದು ಅಂದರೂ ಸರಿ. ಎರಡು ಹಾಳೆಗಳಲ್ಲಿ ಮಾತ್ರ ಸ್ಪಷ್ಟ. ಬಾಲ ಒಳಕ್ಕೆ ಬಂದು ಅಲ್ಲೇ ನಿಂತಿತ್ತು. ನನ್ನ ಕಣ್ಣಿಗೆ ಅದು ‘ವ’. ಆದರೆ ಐದರಲ್ಲಿ ಎರಡು ಹಾಳೆ ನಂಬಿಕೊಂಡು ಮಾರಿದವರ ಹತ್ತಿರ ಹೋಗಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಒಂದು ಅಕ್ಷರ ಓದಿ ಒಬ್ಬರನ್ನು ತಪ್ಪಿತಸ್ಥರು ಅನ್ನಬೇಕಾದರೆ ಬೇರೆ ದಾರಿಯಿಂದಲೂ ಅದೇ ಉತ್ತರ ಬರಬೇಕು.

ಬೇರೆ ದಾರಿ ಹಾಳೆಗಳಲ್ಲೇ ಇತ್ತು. ದಿನಾಂಕಗಳಲ್ಲಿ.

ಭಾವ ಮೊದಲೇ ಒಂದು ತಕರಾರು ತೆಗೆದಿದ್ದರು. "ಇಲ್ನೋಡು, 27, 28, 29, 30 ಅಂತ ಬಂದು ಆಮೇಲೆ 1, 2 ಅಂತ ಇದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೇನೋ?" ಅದು ಮೀಟರ್ ಅಲ್ಲ, ವರ್ಷ. ಜಪಾನಿನಲ್ಲಿ ಚಕ್ರವರ್ತಿಯ ಕಾಲದಿಂದ ವರ್ಷ ಎಣಿಸುವ ರೂಢಿ ಇದೆ, ನಮ್ಮ ಶಕ ವರ್ಷ ಇದ್ದ ಹಾಗೆ. ಹೈಸೆ ಕಾಲದ ವರ್ಷಕ್ಕೆ 1988 ಕೂಡಿಸಬೇಕು. 27 ಅಂದರೆ 2015. 2019ರ ಮೇ 1ಕ್ಕೆ ಹೊಸ ಚಕ್ರವರ್ತಿ ಬಂದರು, ರೇವಾ ಕಾಲ ಶುರುವಾಯಿತು, ಎಣಿಕೆ ಮತ್ತೆ 1ರಿಂದ. ಅದಕ್ಕೆ 2018 ಕೂಡಿಸಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಕಾರನ್ನು ಅನುಮಾನಿಸಿದವರನ್ನು ನೋಡಿದ್ದೇನೆ.

ಲೆಕ್ಕ ಹಾಕಿ ಬರೆದುಕೊಂಡೆವು. ಮೊದಲ ನೋಂದಣಿ 2015ರ ಜೂನ್. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ತಪಾಸಣೆ, 10,240 ಕಿಲೋಮೀಟರ್. 2016ರ ಜೂನ್, 19,870. ಡಿಸೆಂಬರ್, 30,115. 2017ರ ಜೂನ್, 39,900. ಡಿಸೆಂಬರ್, 50,380. ಇವಿಷ್ಟು ಒಕಿನಾವಾ ಪ್ಲೇಟಿನ ಐದು ಹಾಳೆ. ಆಮೇಲೆ ಯೊಕೊಹಾಮಾ ಪ್ಲೇಟ್. 2018ರ ಜೂನ್, 53,020. 2019ರ ಜೂನ್, 57,400. 2020ರ ಜೂನ್, 61,350. ಅಲ್ಲಿಂದ ಮುಂದಿನ ಹಾಳೆ ಇಲ್ಲ.

ಈ ಪಟ್ಟಿಯನ್ನು ಸುಮ್ನೆ ಕಣ್ಣಾಡಿಸಿದರೂ ಕಾರಿನ ನಡಿಗೆ ಎರಡು ತರಹ ಇದೆ ಅಂತ ಕಾಣುತ್ತದೆ. ಮೊದಲು ಆರು ತಿಂಗಳಿಗೆ ಹತ್ತು ಸಾವಿರ. ಆಮೇಲೆ ವರ್ಷಕ್ಕೆ ನಾಲ್ಕು ಸಾವಿರ. ಆದರೆ ಜಾಸ್ತಿ ಓಡಿಸುವ ಸ್ವಂತ ಮಾಲೀಕರೂ ಇರುತ್ತಾರಲ್ವಾ? ಕಿಲೋಮೀಟರ್ ಒಂದನ್ನೇ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ನನಗೆ ಬೇಕಾದದ್ದು ತಿಂಗಳುಗಳ ಅಂತರ. ಜಪಾನಿನಲ್ಲಿ ಸ್ವಂತ ಕಾರಿಗೆ ಕಾನೂನಿನ ಪ್ರಕಾರ ತಪಾಸಣೆ ವರ್ಷಕ್ಕೊಮ್ಮೆ. ಬಾಡಿಗೆ ಕಾರಿಗೆ ಆರು ತಿಂಗಳಿಗೊಮ್ಮೆ. ಒಕಿನಾವಾದ ಹಾಳೆಗಳ ತಲೆಯ ಮೇಲೆ 6 ಅಂತ ಅಚ್ಚಾಗಿತ್ತು, ಪಕ್ಕದಲ್ಲಿ ತಿಂಗಳು ಅನ್ನುವ ಅಕ್ಷರ. ಯೊಕೊಹಾಮಾದ ಹಾಳೆಗಳಲ್ಲಿ 12 ಅಥವಾ 24.

ಇನ್ನೊಂದು ಇದೆ. ‘ಶಾಕೆನ್’ ಅಂತ ಅಲ್ಲಿಯ ದೊಡ್ಡ ಸರ್ಕಾರಿ ಪರೀಕ್ಷೆ. ಹೊಸ ಸ್ವಂತ ಕಾರಿಗೆ ಮೊದಲ ಶಾಕೆನ್ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಬಾಡಿಗೆ ಕಾರಿಗೆ ಮೊದಲನೆಯದು ಎರಡು ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಭಾವನ ಕಾರಿಗೆ ಶಾಕೆನ್ ಆಗಿದ್ದು 2017ರಲ್ಲಿ, 2018ರಲ್ಲಿ, 2020ರಲ್ಲಿ. ಎರಡು ವರ್ಷ, ಒಂದು ವರ್ಷ, ಎರಡು ವರ್ಷ. ಹುಟ್ಟಿನಿಂದ ಸ್ವಂತ ಕಾರಾಗಿದ್ದರೆ 2018, 2020 ಅಂತ ಬರಬೇಕಿತ್ತು. 2017ರ ಶಾಕೆನ್ ಇರಲೇಬಾರದು.

ಅಲ್ಲಿಗೆ ಬಾಲದ ಪ್ರಶ್ನೆ ಮುಗಿಯಿತು. ಅದು ‘ವ’.

ಹಿಂದಿನ ಗಾಜಿನ ಮೂಲೆಯಲ್ಲಿ ಅರ್ಧ ಕೆರೆದುಹೋದ ಒಂದು ದುಂಡು ಸ್ಟಿಕ್ಕರ್ ಕೂಡ ಉಳಿದಿತ್ತು. ಕಾರು ನಿಲ್ಲಿಸಲು ಜಾಗ ಇದೆ ಅಂತ ಪೊಲೀಸರು ಕೊಡುತ್ತಿದ್ದ ಸ್ಟಿಕ್ಕರ್ ಅದು. ಅದರಲ್ಲಿ ಊರಿನ ಹೆಸರಿರುತ್ತದೆ. ಉಳಿದ ಅರ್ಧದಲ್ಲಿ ಯೊಕೊಹಾಮಾ ಅಂತ ಓದಲು ಸಿಕ್ಕಿತು. ಎರಡನೇ ಪ್ಲೇಟಿಗೆ ಅದು ಸಾಕ್ಷಿ. 2025ರ ಏಪ್ರಿಲಿನಿಂದ ಜಪಾನ್ ಆ ಸ್ಟಿಕ್ಕರ್ ಕೊಡುವುದನ್ನೇ ನಿಲ್ಲಿಸಿದೆ. ಆಮೇಲೆ ನೋಂದಣಿಯಾದ ಕಾರುಗಳಲ್ಲಿ ಈ ಗುರುತು ಸಿಗುವುದಿಲ್ಲ.

ಕಾರಿನ ಕೆಳಗೆ

ಬಾಡಿಗೆ ಕಾರು ಅಂತ ಗೊತ್ತಾದಾಗ ಭಾವನ ಮುಖ ಸಪ್ಪೆಯಾಯಿತು. "ಹಾಗಾದ್ರೆ ಮೋಸ ಹೋದೆ ಅನ್ನು." ನಾನು ಹಾಗೆ ಅನ್ನಲಿಲ್ಲ. ಬಾಡಿಗೆ ಕಾರನ್ನು ನೂರಾರು ಜನ ಓಡಿಸಿರುತ್ತಾರೆ ನಿಜ. ಆದರೆ ಆರಾರು ತಿಂಗಳಿಗೆ ತಪ್ಪದೆ ತಪಾಸಣೆ ಆಗಿದೆ, ಪ್ರತಿ ಸಲವೂ ಕಿಲೋಮೀಟರ್ ಬರೆದಿದ್ದಾರೆ. 10,240ರಿಂದ 61,350ರವರೆಗೆ ಒಂದೂ ಅಂಕಿ ಹಿಂದಕ್ಕೆ ಹೋಗಿಲ್ಲ. 2020ರಿಂದ ಮೀಟರಿನ 68 ಸಾವಿರದವರೆಗಿನ ಓಟವೂ ಅದೇ ನಡಿಗೆಗೆ ಹೊಂದುತ್ತದೆ. ಮೀಟರ್ ನಿಜ ಅಂತ ಇಷ್ಟು ಗಟ್ಟಿಯಾಗಿ ಹೇಳಬಲ್ಲ ಕಾರು ನಮ್ಮ ಗ್ಯಾರೇಜಿಗೆ ವರ್ಷದಲ್ಲಿ ಕೆಲವೇ ಬರುತ್ತವೆ. ನನ್ನ ಚಿಂತೆ ಬೇರೆ. ಒಕಿನಾವಾ, ಎರಡೂವರೆ ವರ್ಷ, ಉಪ್ಪು ಗಾಳಿ.

ಸೋಮವಾರ ಕಾರನ್ನು ಲಿಫ್ಟಿಗೆ ಹಾಕಿದೆವು. ತಳದ ಮುಖ್ಯ ಕಂಬಿಗಳು, ಬಾಗಿಲ ಕೆಳಗಿನ ಪಟ್ಟಿಗಳು ಗಟ್ಟಿಯಾಗಿದ್ದವು. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಿದೆ, ಎಲ್ಲೂ ಟೊಳ್ಳು ಶಬ್ದ ಬರಲಿಲ್ಲ. ಹಿಂದಿನ ಆಕ್ಸಲ್ ತೊಲೆಯ ಮೇಲೆ, ಸೈಲೆನ್ಸರ್ ನೇತುಹಾಕುವ ಕೊಂಡಿಗಳಲ್ಲಿ, ಬೋಲ್ಟುಗಳ ತಲೆಯ ಮೇಲೆ ಕಂದು ತುಕ್ಕು ಇತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುವಷ್ಟು, ಲೋಹ ತಿನ್ನುವಷ್ಟಲ್ಲ. ಈಗ ನೋಡಿಕೊಂಡರೆ ನಿಲ್ಲುತ್ತದೆ, ಬಿಟ್ಟರೆ ನಾಲ್ಕೈದು ವರ್ಷದಲ್ಲಿ ತಪಾಸಣೆಯಲ್ಲಿ ಫೇಲ್ ಮಾಡಿಸುತ್ತದೆ.

ಆಕ್ವಾದ ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಇರುತ್ತದೆ. ಅದಕ್ಕೆ ಗಾಳಿ ಹೋಗುವ ಕಿಂಡಿ ಸೀಟಿನ ಪಕ್ಕದಲ್ಲಿ. ಬಿಚ್ಚಿದಾಗ ಧೂಳಿನ ಜೊತೆ ಒಂದು ಚಿಟಿಕೆ ಮರಳು ಸಿಕ್ಕಿತು. ಬಿಳಿ ಮರಳು, ಒರಟು, ಕಾಳು ಕಾಳಾಗಿತ್ತು. ಅಂಗೈ ಮೇಲೆ ಹಾಕಿಕೊಂಡು ನೋಡಿದೆವು. ಆಕ್ಲೆಂಡಿನ ಪಶ್ಚಿಮದ ಕಡಲತೀರಗಳಲ್ಲಿ ಕಬ್ಬಿಣದ ಅಂಶ ಇರುವ ಕಪ್ಪು ಮರಳು. ಪೂರ್ವದ ಕಡೆ ಬಿಳಿಯೂ ಉಂಟು, ಹಾಗಾಗಿ ಇದನ್ನು ನಾನು ಸಾಕ್ಷಿ ಅಂತ ಎಣಿಸಲಿಲ್ಲ. ಆದರೂ ಭಾವ ಅದನ್ನು ಚೆಲ್ಲಲು ಬಿಡಲಿಲ್ಲ. ಒಂದು ಚಿಕ್ಕ ಡಬ್ಬಿಗೆ ಹಾಕಿಕೊಂಡರು.

ಮಾರಿದವರ ಜೊತೆ

ಭಾವ ಜಾಹೀರಾತಿನ ಫೋಟೊ ಮೊಬೈಲಿನಲ್ಲಿ ಉಳಿಸಿಕೊಂಡಿದ್ದರು. ಇದು ಬಹಳ ಅನುಕೂಲ ಆಯಿತು. ಹಾಳೆಗಳ ಪ್ರತಿ, ನಮ್ಮ ವರ್ಷಗಳ ಪಟ್ಟಿ, ತಳದ ಫೋಟೊಗಳು, ಇವಿಷ್ಟನ್ನು ತಗೊಂಡು ಹೋದೆವು. ನ್ಯೂಜಿಲೆಂಡಿನಲ್ಲಿ ಮಾರುವಾಗ ಸುಳ್ಳು ವಿವರ ಕೊಡುವುದಕ್ಕೆ 1986ರ ನ್ಯಾಯ ವ್ಯಾಪಾರ ಕಾಯ್ದೆ ಅಡ್ಡ ಬರುತ್ತದೆ, 1993ರ ಗ್ರಾಹಕ ಖಾತರಿ ಕಾಯ್ದೆಯೂ ಇದೆ. ಕಾರು ವ್ಯಾಪಾರಿಗಳ ಜೊತೆಗಿನ ಜಗಳ ತೀರಿಸಲು ಪ್ರತ್ಯೇಕ ನ್ಯಾಯಮಂಡಳಿಯೇ ಉಂಟು. ಅದರ ಹೆಸರು ಎತ್ತುವ ಅಗತ್ಯ ಬೀಳಲಿಲ್ಲ.

ಅಂಗಡಿಯವರು ಜಪಾನಿನ ಹರಾಜಿನ ಚೀಟಿ ತೆಗೆದು ತೋರಿಸಿದರು. ಆ ಚೀಟಿಯಲ್ಲಿ ಕಾರಿನ ಹಿನ್ನೆಲೆಗೆ ಒಂದು ಅಂಕಣ ಇರುತ್ತದೆ. ಅಲ್ಲಿ ‘ಜಿಕಾಯೊ’, ಅಂದರೆ ಸ್ವಂತ ಬಳಕೆ, ಅಂತ ಗುರುತು ಹಾಕಿತ್ತು. ಹರಾಜಿಗೆ ಬರುವಾಗ ಅದು ಯೊಕೊಹಾಮಾದವರ ಸ್ವಂತ ಕಾರೇ ಆಗಿತ್ತಲ್ಲ. ಬಾಡಿಗೆಯಿಂದ ಬಂದ ಕಾರಿಗೆ ಜಪಾನಿನ ವ್ಯಾಪಾರಿಗಳು ‘ರೆಂಟಾ ಅಪ್’ ಅಂತ ಹೇಳುತ್ತಾರೆ. ಆ ಮಾತು ನಡುವೆ ಎಲ್ಲೋ ಬಿಟ್ಟುಹೋಗಿದೆ. ಕೊನೆಯ ಪ್ಲೇಟ್ ಒಂದನ್ನೇ ನೋಡಿ ‘ಒಬ್ಬರೇ ಮಾಲೀಕರು’ ಅಂತ ಬರೆದಿದ್ದಾರೆ. ಬೇಕಂತಲೇ ಮಾಡಿದ್ದು ಅಂತ ನನಗೆ ಅನ್ನಿಸಲಿಲ್ಲ. ಆದರೆ ‘ಟೋಕಿಯೊ’ಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲದ್ದನ್ನು ದಪ್ಪ ಅಕ್ಷರದಲ್ಲಿ ಬರೆಯುವುದು ತಪ್ಪು, ಅದನ್ನು ನೇರವಾಗಿಯೇ ಹೇಳಿದೆ.

ಒಂದು ವಾರ ಮಾತುಕತೆ ನಡೆಯಿತು. ಕೊನೆಗೆ ತಳದ ತುಕ್ಕು ತೆಗೆಸಿ ಲೇಪನ ಹಾಕಿಸುವ ಖರ್ಚು ಅವರದ್ದು, ಜೊತೆಗೆ 600 ಡಾಲರ್ ವಾಪಸ್ ಅಂತ ಒಪ್ಪಂದ ಆಯಿತು. ಕಾರು ವಾಪಸ್ ಕೊಡುತ್ತೀರಾ ಅಂತಲೂ ಕೇಳಿದರು. ಭಾವ ಬೇಡ ಅಂದರು. ಓಟ ಚೆನ್ನಾಗಿದೆ, ಮೀಟರ್ ನಿಜ, ಇನ್ನೇನು ಬೇಕು ಅನ್ನುವುದು ಅವರ ಮಾತು. ನನಗೂ ಅದೇ ಸರಿ ಅನ್ನಿಸಿತು.

ಲೇಪನ ಹಾಕಿಸಿಕೊಂಡು ಬಂದ ದಿನ ಅವರು ಆ ಪುಸ್ತಕದ ಕೊನೆಯ ಖಾಲಿ ಪುಟ ತೆರೆದು, ಜಪಾನಿ ಅಂಕಣಗಳ ಮೇಲೆಯೇ, ಕನ್ನಡದಲ್ಲಿ ಬರೆದರು: 2023 ಜನವರಿ, ತಳಕ್ಕೆ ತುಕ್ಕಿನ ಲೇಪನ, ಬ್ಯಾಟರಿ ಕಿಂಡಿ ಶುಚಿ, 69,412 ಕಿ.ಮೀ. ಆಮೇಲೆ ಅದನ್ನು ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಡಿಕ್ಕಿಯ ಹಲಗೆ ಎತ್ತಿ, ಸಿಕ್ಕಿದ ಜಾಗದಲ್ಲೇ ಇಟ್ಟರು.